ತೊಂಬತ್ತಾರು ಸಲ ಅರ್ಧ

ಸಮಡೋಳಿ
೯ ಜೂನ್ ೨೦೨೪

ಮಿರಜಿನ ಬೆಲ್ಲದ ವ್ಯಾಪಾರಿ ಗುರುಬಸಪ್ಪನವರ ಮಗ ಈರೇಶನಿಗೆ, ಮೃಣಾಲಳ ಆಜಿ ಹೀರಾಬಾಯಿ ಬರೆಯುವ ಕಾಗದ.

ಹಿರಿಯರು ಕಾಗದದ ಮೊದಲಿಗೆ ಆಶೀರ್ವಾದ ಬರೆಯುತ್ತಾರೆ. ನಾನು ಅದನ್ನು ಸದ್ಯಕ್ಕೆ ಕೈಯಲ್ಲೇ ಇಟ್ಟುಕೊಂಡಿದ್ದೇನೆ. ಕ್ಷೇಮ ಕೇಳುವುದಕ್ಕೇನೂ ಅಡ್ಡಿಯಿಲ್ಲ. ಕ್ಷೇಮವಾಗಿದ್ದೀಯಾ?

ಮೊನ್ನೆ ನೀನು ನಮ್ಮ ಮನೆಗೆ ಬಂದೆ. ಬೆಲ್ಲ ತಂದೆ, ಚೆನ್ನಾಗಿ ಮಾತಾಡಿದೆ, ಎರಡು ಸಲ ಹಾಕಿಸಿಕೊಂಡು ಅವಲಕ್ಕಿ ತಿಂದೆ. ಅದೆಲ್ಲ ಸರಿ. ನೀನು ಹೊರಟ ಮೇಲೆ ನನ್ನ ಮಗ ವೃಷಭ, ಅಂದರೆ ಮೃಣಾಲಳ ಅಪ್ಪ, ನನ್ನ ಮುಖ ನೋಡಿ, "ಅವ್ವಾ, ನೀ ಏನಂತಿ ಅದs ಆತು, ನಂದೇನೈತಿ ಇದರಾಗ?" ಎಂದು ಕೈ ಝಾಡಿಸಿಬಿಟ್ಟ. ನಾವು ಜೈನರು, ನೀವು ಲಿಂಗಾಯತರು. ನಿಮ್ಮ ಮನೆಯಲ್ಲಿ ಒಪ್ಪಿದ್ದಾರಂತೆ. ನಮ್ಮ ಬಳಗದವರು ಮಾತ್ರ ದಿನಕ್ಕೊಬ್ಬರಂತೆ ಬಂದು ಚಹಾ ಕುಡಿದು ನನ್ನ ಕಿವಿ ಊದಿ ಹೋಗುತ್ತಿದ್ದಾರೆ. ಈ ಮದುವೆ ಆಗಬೇಕೋ ಬೇಡವೋ ಎನ್ನುವುದು ಈಗ ನನ್ನೊಬ್ಬಳ ಬಾಯಲ್ಲಿದೆ. ಒಂದೇ ಸಲ ಬಂದು ಅವಲಕ್ಕಿ ತಿಂದು ಹೋದ ಹುಡುಗನ ಬಗ್ಗೆ ನಾನು ಏನೆಂದು ಹೇಳಲಿ?

ಅದಕ್ಕೇ ನಮ್ಮ ತವರಿನ ಪದ್ಧತಿಗೆ ಬಂದಿದ್ದೇನೆ. ನನ್ನ ತವರು ಬೇಡಗ. ಅಪ್ಪನ ಹೆಸರು ಬಾಪೂಸಾಹೇಬ. ನಮ್ಮ ಹಿರಿಯರ ಲೆಕ್ಕದಲ್ಲಿ ಎರಡೂವರೆ ದ್ವೀಪದಲ್ಲಿ, ಅಂದರೆ ಮನುಷ್ಯರು ವಾಸಿಸುವ ಲೋಕದಲ್ಲಿ, ಇರುವ ಮನುಷ್ಯರೆಲ್ಲರನ್ನೂ ಎಣಿಸಿದರೆ ಬರುವ ಒಂದು ಸಂಖ್ಯೆ ಇದೆ, ಇಪ್ಪತ್ತೊಂಬತ್ತು ಅಂಕೆಯದು. ಅಪ್ಪ ಅದಕ್ಕೆ ರಾಗ ಹಾಕಿ ಹಾಡಾಗಿ ಕಲಿಸಿದ್ದರು. ಅದರ ಗುಣವೇನೆಂದರೆ, ಅದನ್ನು ಅರ್ಧ ಮಾಡು, ಬಂದದ್ದನ್ನು ಮತ್ತೆ ಅರ್ಧ ಮಾಡು, ಹೀಗೆ ತೊಂಬತ್ತಾರು ಸಲ ಮಾಡಿದರೂ ಎಲ್ಲೂ ಏನೂ ಮಿಗುವುದಿಲ್ಲ. ಕೊನೆಗೆ ಸರಿಯಾಗಿ ಒಂದು ಬರುತ್ತದೆ. ನಮ್ಮ ತವರಿನಲ್ಲಿ ಅಳಿಯನಾಗಿ ಬರುವವನು ಇದನ್ನು ತನ್ನ ಕೈಯಿಂದ ಮಾಡಿ ತೋರಿಸಬೇಕು. ದಿನಕ್ಕೆ ಒಂದೇ ಸಾಲು, ಅಂದರೆ ಒಂದೇ ಸಲ ಅರ್ಧ, ಸ್ನಾನ ಮಾಡಿ, ಬಾಯಿಗೆ ಏನೂ ಹಾಕಿಕೊಳ್ಳುವ ಮುಂಚೆ. ಅವಸರದವರು ವಾರದೊಳಗೆ ಓಡಿಹೋಗುತ್ತಾರೆ, ಅದೂ ಒಳ್ಳೆಯದೇ.

ನಮ್ಮ ಮನೆಯವರು, ಅಂದರೆ ಮೃಣಾಲಳ ಅಜ್ಜ, ಓಡಿಹೋಗಲಿಲ್ಲ. ಅಪ್ಪ ಸಾಲುಗಳನ್ನು ಎಣಿಸಿ, ಕೊನೆಯಲ್ಲಿ ಒಂದು ಇರುವುದನ್ನು ನೋಡಿ, ಅವರ ಬಾಯಿಗೆ ಪೇಢೆ ಇಟ್ಟರು. ಈಗ ನಮ್ಮ ಮನೆಯವರು ಇಲ್ಲ. ಇದ್ದಷ್ಟು ದಿನ ಸಂಜೆ ಅಂಗಳದಲ್ಲಿ ಕುಳಿತು ನಾನು ಈ ಹಾಡು ಹೇಳುತ್ತಿದ್ದೆ, ಅವರು ಕೇಳುತ್ತಿದ್ದರು. ಅರಿಶಿನ ಪಾಲಿಶ್ ಮಾಡುವ ಮನೆ ನಮ್ಮದು, ಧೂಳಿಗೇನು ಕಡಿಮೆ? ಹಾಡಿನ ನಡುವೆ ಪಾಪ ಕೆಮ್ಮು ಹತ್ತಿಬಿಡುತ್ತಿತ್ತು. ಜೇಷ್ಠಮಧು ಕುದಿಸಿ ಕುದಿಸಿ ನನ್ನ ಅರ್ಧ ಆಯುಷ್ಯ ಹೋಯಿತು.

ಸಂಖ್ಯೆ ಇದು:

೭೯೨೨೮೧೬೨೫೪೧೨೬೪೩೩೭೫೯೩೫೪೩೯೫೦೩೩೬

ಎಲ್ಲ ಅಂಕೆ ಕೂಡಿದರೆ ನೂರಿಪ್ಪತ್ತೇಳು ಬರಬೇಕು. ಅದು ಅಪ್ಪ ಹೇಳಿಕೊಟ್ಟ ತಾಳೆ. ಮೊಬೈಲಿನಲ್ಲಿ ಹುಡುಕಬಾರದು. ನಮ್ಮ ಹುಡುಗಿ ವಿಶ್ರಾಮಬಾಗದ ಕಾಲೇಜಿನಲ್ಲಿ ಗಣಿತ ಕಲಿಯುವವಳು, ಅವಳಿಂದ ಕೇಳಬಾರದು. ಲೆಕ್ಕ ಮುಗಿಯುವವರೆಗೆ ನಿಮ್ಮಿಬ್ಬರ ನಡುವೆ ಫೋನೂ ಇಲ್ಲ. ಅವಳು ಮಾತು ಕೊಟ್ಟಿದ್ದಾಳೆ, ಮುಖ ಮಾತ್ರ ಇಷ್ಟುದ್ದ ಮಾಡಿಕೊಂಡಿದ್ದಾಳೆ.

ಆಶೀರ್ವಾದ ಬಾಕಿ ಇಟ್ಟಿರುವ
ಹೀರಾಬಾಯಿ


ಮಿರಜ
೧೭ ಜೂನ್ ೨೦೨೪

ಪೂಜ್ಯ ಆಜಿಯವರಿಗೆ ಈರೇಶನ ನಮಸ್ಕಾರಗಳು. ನನ್ನ ಕಡೆಯಿಂದ ಏನನ್ನೂ ಬಾಕಿ ಇಟ್ಟಿಲ್ಲ.

ನಿಮ್ಮ ಕಾಗದ ಬಂದಾಗ ಅಂಗಡಿಯಲ್ಲಿದ್ದೆ. ನಾನು ಶಾಲೆ ಕಲಿತದ್ದು ಮರಾಠಿಯಲ್ಲಿ. ಕನ್ನಡ ಬರೆಯಲು ಕಲಿಸಿದವಳು ನಮ್ಮ ಅಜ್ಜಿ ನಾಗವ್ವ. ಆಕೆ ಪಾಟಿ ಹಿಡಿಸಿ ಕೂರಿಸಿದಾಗ ಅತ್ತಿದ್ದೆ, ಈಗ ಆಕೆಯ ಕಾಲಿಗೆ ಬಿದ್ದೆ.

ಇಂದು ಬೆಳಿಗ್ಗೆ ಮೊದಲನೆಯ ಸಾಲು ಮುಗಿಯಿತು. ಅಪ್ಪ ಬಾಗಿಲಲ್ಲಿ ನಿಂತು ನೋಡಿ, "ಯಾಕೋ, ಕ್ಯಾಲ್ಕುಲೇಟರ್ ಕೆಟ್ಟೈತೇನು?" ಎಂದರು. ವಿಷಯ ಹೇಳಿದೆ. ಅವರು, "ಛಲೋ ಐತಿ ಬಿಡು. ನನ್ನ ಮಾವ ಬರೇ ನನ್ನ ಹಲ್ಲು ನೋಡಿ ಹೆಣ್ಣು ಕೊಟ್ರು" ಎಂದರು.

ದಿನಕ್ಕೊಂದೇ ಸಾಲು ಎಂದಿದ್ದೀರಿ, ಹಾಗೆಯೇ ಮಾಡುತ್ತೇನೆ. ಓಡಿಹೋಗುವವರ ಪೈಕಿ ನಾನಲ್ಲ. ಎರಡನೆಯ ಸಲ ಅವಲಕ್ಕಿ ಕೇಳಿದ್ದು ರುಚಿಯಾಗಿತ್ತು ಎಂದೇ ಹೊರತು ನಿಮ್ಮನ್ನು ಮೆಚ್ಚಿಸಲು ಅಲ್ಲ. ಇದನ್ನೂ ಹೇಳಿಬಿಡಬೇಕು ಅನ್ನಿಸಿತು.

ನಿಮ್ಮ
ಈರೇಶ


ಮಿರಜ
೮ ಜುಲೈ ೨೦೨೪

ಮೃಣಾಲ,

ಫೋನ್ ಬೇಡ ಎಂದಿದ್ದಾರೆ, ಕಾಗದ ಬೇಡ ಎಂದಿಲ್ಲ. ಲೆಕ್ಕ ಹೇಳಿಕೊಡು ಎಂದು ಕೇಳುತ್ತಿಲ್ಲ, ದುಃಖ ಹೇಳಿಕೊಳ್ಳುತ್ತಿದ್ದೇನೆ ಅಷ್ಟೇ.

ಹದಿನೆಂಟು ದಿನ ಎಲ್ಲ ಸುಸೂತ್ರವಾಗಿತ್ತು. ಬೆಳಿಗ್ಗೆ ಎದ್ದು ಅಷ್ಟುದ್ದದ ಸಂಖ್ಯೆಯನ್ನು ಅರ್ಧ ಮಾಡಿ ಅಂಗಡಿಗೆ ಹೋದರೆ ಇಡೀ ದಿನ ಮನಸ್ಸು ಹಗುರ. ನಿನ್ನ ಆಜಿಯ ಮೇಲೆ ಪ್ರೀತಿಯೇ ಹುಟ್ಟಿತ್ತು. ಹದಿನೆಂಟನೆಯ ಸಾಲು ಒಂಬತ್ತರಲ್ಲಿ ಮುಗಿಯಿತು. ಬೆಸ ಸಂಖ್ಯೆ! ಅದನ್ನು ಅರ್ಧ ಮಾಡಿದರೆ ಮೇಲೆ ಅರ್ಧ ಮಿಗುತ್ತದೆ. ಇನ್ನೂ ಎಪ್ಪತ್ತೆಂಟು ಸಾಲು ಬಾಕಿ ಇವೆ, ಈಗಲೇ ಗಾಡಿ ನಿಂತಿದೆ.

ನಾನೇ ಎಲ್ಲೋ ತಪ್ಪಿರಬೇಕೆಂದು ಮೊದಲಿನಿಂದ ಮಾಡಿದೆ. ಮತ್ತೆ ಒಂಬತ್ತು. ಅಪ್ಪನ ಕೈಯಲ್ಲಿ ಮಾಡಿಸಿದೆ. ಅವರಿಗೂ ಒಂಬತ್ತು. ಒಂದು ಲೆಕ್ಕಕ್ಕೆ ನಿನ್ನನ್ನು ಕಳೆದುಕೊಳ್ಳುತ್ತೇನೇನೋ ಎಂದು ನಿಜವಾಗಿಯೂ ಹೆದರಿಕೆಯಾಗುತ್ತಿದೆ.

ಈರೇಶ


ವಿಶ್ರಾಮಬಾಗ, ಸಾಂಗಲಿ
೧೨ ಜುಲೈ ೨೦೨೪

ಈರೇಶ,

ನನ್ನ ಕನ್ನಡ ನೋಡಿ ನಗಬೇಡ. ತಲೆಯಲ್ಲಿ ಕನ್ನಡ ಇರುತ್ತದೆ, ಕೈಗೆ ಬರುವಷ್ಟರಲ್ಲಿ ಮರಾಠಿ ಆಗುತ್ತದೆ. ಇದನ್ನು ಮೂರು ಸಲ ತಿದ್ದಿ ಬರೆದಿದ್ದೇನೆ.

ನೀನು ತಪ್ಪಿಲ್ಲ. ಆಜಿಯ ಹಾಡೇ ತಪ್ಪಿದೆ. ಎಲ್ಲಿ ಎಂದು ಹೇಳುವುದಿಲ್ಲ, ಮಾತು ಕೊಟ್ಟಿದ್ದೇನೆ. ತೊಟ್ಟಿಲಲ್ಲಿದ್ದಾಗಿನಿಂದ ಕೇಳಿದ ಹಾಡದು. ಅದು ಲೆಕ್ಕ, ಅದನ್ನು ತಾಳೆ ನೋಡಬೇಕು ಎಂದು ಗಣಿತ ಕಲಿಯುವ ನನಗೆ ಒಮ್ಮೆಯೂ ಹೊಳೆದಿರಲಿಲ್ಲ. ನಿನ್ನ ಕಾಗದ ಬಂದ ಮೇಲೆ ನೋಡಿ ತಲೆ ತಲೆ ಚಚ್ಚಿಕೊಂಡೆ.

ಈಗ ನನ್ನ ಮಾತು ಕೇಳು. ಮಿಕ್ಕಿದ ಅರ್ಧವನ್ನು ನುಂಗಿಬಿಡು. ಎಲ್ಲೆಲ್ಲಿ ಬೆಸ ಬರುತ್ತದೋ ಅಲ್ಲೆಲ್ಲ ಮೇಲಿನ ಅರ್ಧ ಬಿಟ್ಟು ಮುಂದೆ ಹೋಗು. ತಪ್ಪು ಇರುವುದು ಅಷ್ಟು ದೊಡ್ಡ ಸಂಖ್ಯೆಯಲ್ಲಿ ಒಂದು ಚಿಟಿಕೆಯಷ್ಟು ಮಾತ್ರ, ಹೀಗೆ ನುಂಗುತ್ತ ಹೋದರೂ ತೊಂಬತ್ತಾರನೆಯ ಸಾಲಿಗೆ ಒಂದೇ ಬರುತ್ತದೆ. ನಾನು ಮಾಡಿ ನೋಡಿದ್ದೇನೆ. ಆಜಿ ಸಾಲು ಎಣಿಸುತ್ತಾಳೆ, ಕೊನೆಯಲ್ಲಿ ಒಂದು ನೋಡುತ್ತಾಳೆ, ಪೇಢೆ ತರಿಸುತ್ತಾಳೆ. ನಡುವಿನದನ್ನು ಯಾರು ನೋಡುತ್ತಾರೆ?

ನಿನಗೆ ಆಜಿ ಗೊತ್ತಿಲ್ಲ. ಬಾಪೂಸಾಹೇಬರ ಹಾಡು ತಪ್ಪು ಎಂದು ಅವಳ ಎದುರು ಹೇಳುವ ಗಂಡಸು ಸಮಡೋಳಿಯಲ್ಲಿ ಹುಟ್ಟಿಲ್ಲ. ಹೋದ ವರ್ಷ ನಮ್ಮ ದಿಲೀಪ ಕಾಕಾ ಅವಳ ಅಪ್ಪ ಹೇಳಿಕೊಟ್ಟ ಮಾವಿನ ಉಪ್ಪಿನಕಾಯಿಯ ಅಳತೆ ಸರಿಯಿಲ್ಲ ಎಂದ. ಇವತ್ತಿಗೂ ಅವನಿಗೆ ನಮ್ಮ ಮನೆಯಲ್ಲಿ ಉಪ್ಪಿನಕಾಯಿ ಇಲ್ಲ.

ನುಂಗು ಈರೇಶ. ಕೈ ಮುಗಿಯುತ್ತೇನೆ.

ನಿನ್ನ ಮೃಣಾಲ


ಮಿರಜ
೨೮ ಜುಲೈ ೨೦೨೪

ಪೂಜ್ಯ ಆಜಿಯವರಿಗೆ ನಮಸ್ಕಾರಗಳು.

ಈ ಕಾಗದವನ್ನು ಎರಡು ಸಲ ಬರೆದು ಹರಿದು ಹಾಕಿದ್ದೇನೆ. ಸುತ್ತಿ ಬಳಸಿ ಹೇಳಲು ಹೋದರೆ ಮತ್ತೂ ಕೆಡುತ್ತದೆ. ಆಜಿ, ನೀವು ಕೊಟ್ಟ ಸಂಖ್ಯೆ ತಪ್ಪಿದೆ.

ಅದು ಹದಿನೆಂಟು ಸಲ ಸರಿಯಾಗಿ ಅರ್ಧವಾಗಿ, ಆಮೇಲೆ ಬೆಸವಾಯಿತು. ಮೇಲಿನ ಅರ್ಧವನ್ನು ನುಂಗಿ ಮುಂದೆ ಹೋಗಿದ್ದರೂ ಕೊನೆಗೆ ಒಂದೇ ಬರುತ್ತಿತ್ತು, ನಿಮಗೆ ಗೊತ್ತಾಗುತ್ತಿರಲಿಲ್ಲ. ಒಂದು ದಿನ ಹಾಗೆ ಮಾಡಿಯೂ ನೋಡಿದೆ. ತಿಂಡಿಗೆ ಕೂರುವ ಮೊದಲೇ ಆ ಸಾಲನ್ನು ಹೊಡೆದು ಹಾಕಿದೆ.

ಎಲ್ಲಿ ತಪ್ಪಿದೆ ಎಂದು ಸಂಖ್ಯೆಯೇ ಬೆರಳು ಮಾಡಿ ತೋರಿಸುತ್ತದೆ. ಒಂದು ಸಂಖ್ಯೆ ಸರಿಯಾಗಿ ಅರ್ಧವಾಗುತ್ತದೋ ಇಲ್ಲವೋ ಎನ್ನಲು ಅದರ ಕೊನೆಯ ಅಂಕೆ ನೋಡಿದರೆ ಸಾಕು. ಎರಡು ಸಲ ಅರ್ಧವಾಗುತ್ತದೋ ಎನ್ನಲು ಕೊನೆಯ ಎರಡು ಅಂಕೆ ಸಾಕು. ಮೂರು ಸಲಕ್ಕೆ ಮೂರು. ಎಡಗಡೆ ಏನೇ ಇರಲಿ, ಅದರ ಹಂಗಿಲ್ಲ. ಚಿಕ್ಕ ಚಿಕ್ಕ ಸಂಖ್ಯೆಗಳ ಎಡಭಾಗವನ್ನು ಅಂಗೈಯಿಂದ ಮುಚ್ಚಿ ಮುಚ್ಚಿ ಇದನ್ನು ಕಂಡುಕೊಂಡೆ. ನಿಮ್ಮ ಸಂಖ್ಯೆ ಹದಿನೆಂಟು ಸಲ ಜಗಳವಿಲ್ಲದೆ ಅರ್ಧವಾಯಿತು, ಆದ್ದರಿಂದ ಬಲಗಡೆಯ ಹದಿನೆಂಟು ಅಂಕೆಗಳ ಮೇಲೆ ಸಂಶಯವಿಲ್ಲ. ಹಠ ಶುರುವಾದದ್ದು ಹತ್ತೊಂಬತ್ತನೆಯ ಸಲ. ಬಲದಿಂದ ಎಣಿಸಿದರೆ ಹತ್ತೊಂಬತ್ತನೆಯ ಜಾಗದಲ್ಲಿ ಒಂದು ಕುಳಿತಿದೆ. ಅದು ಬೆಸ. ಅಲ್ಲಿ ಸಮ ಅಂಕೆ ಇರಬೇಕಿತ್ತು.

ಆದರೆ ನೀವು ಹೇಳಿದ ನೂರಿಪ್ಪತ್ತೇಳರ ತಾಳೆ ಸರಿಯಾಗಿಯೇ ಬರುತ್ತದೆ. ಹಾಗಾದರೆ ಅಂಕೆ ಯಾವುದೂ ಕಳೆದಿಲ್ಲ, ಹೊಸದೂ ಬಂದಿಲ್ಲ, ಯಾವುವೋ ಎರಡು ಜಾಗ ಬದಲಿಸಿವೆ ಅಷ್ಟೇ. ಆ ಒಂದರ ಎಡಕ್ಕಿರುವುದು ನಾಲ್ಕು. ನಿಮ್ಮ ಹಾಡಿನಲ್ಲಿ ‘ಐದು’ ಆದ ಮೇಲೆ ‘ನಾಲ್ಕು ಒಂದು’ ಎಂದಿದೆ. ಅದು ‘ಒಂದು ನಾಲ್ಕು’ ಆಗಬೇಕು.

ಆಜಿ, ಹಾಗೆ ತಿದ್ದಿ, ನಿಮ್ಮ ನಿಯಮ ಮುರಿದು, ಹೋದ ಭಾನುವಾರ ಒಂದೇ ಕೂತಿನಲ್ಲಿ ತೊಂಬತ್ತಾರು ಸಾಲು ಮಾಡಿದೆ. ಸಾಲಿನಿಂದ ಸಾಲಿಗೆ ಸಂಖ್ಯೆ ಸಣ್ಣದಾಗುತ್ತ ಬಂತು. ಅರವತ್ತನಾಲ್ಕು, ಮೂವತ್ತೆರಡು, ಹದಿನಾರು ಕಂಡಾಗ ಜೋರಾಗಿ ಓದಿ ಹೇಳತೊಡಗಿದೆ. ಎಂಟು, ನಾಲ್ಕು, ಎರಡು, ಒಂದು. ಕುರ್ಚಿಯಿಂದ ಎದ್ದು ಕುಣಿದುಬಿಟ್ಟೆ, ಅಪ್ಪ ಓಡಿ ಬಂದರು. ಅಷ್ಟೂ ಮನುಷ್ಯರು ಅರ್ಧವಾಗುತ್ತ ಅರ್ಧವಾಗುತ್ತ ಕೊನೆಗೆ ಒಬ್ಬನೇ ಉಳಿದ. ಅವನು ಜೈನನೋ ಲಿಂಗಾಯತನೋ ಎಂದು ಎಲ್ಲೂ ಬರೆದಿರಲಿಲ್ಲ.

ನಿಯಮ ಮುರಿದದ್ದಕ್ಕೆ ನಾಳೆಯಿಂದ ಮತ್ತೆ ದಿನಕ್ಕೊಂದೇ ಸಾಲಿನಂತೆ ಮೊದಲಿನಿಂದ ಮಾಡುತ್ತೇನೆ. ನೀವು ಹೂಂ ಎಂದರೂ ಮಾಡುತ್ತೇನೆ, ಉಹೂಂ ಎಂದರೂ ಮಾಡುತ್ತೇನೆ. ಉಹೂಂ ಎನ್ನಬೇಡಿರಿ.

ನಿಮ್ಮ
ಈರೇಶ


ವಿಶ್ರಾಮಬಾಗ
೩೦ ಆಗಸ್ಟ್ ೨೦೨೪

ಈರೇಶ,

ನುಂಗು ಎಂದೆ, ನೀನು ಎಲ್ಲ ಉಗುಳಿಬಿಟ್ಟೆ.

ನಿನ್ನ ಕಾಗದ ಬಂದ ದಿನ ಆಜಿ ಅದನ್ನು ಓದಿ, ಮಡಿಸಿ, ಕುಂಕುಮದ ಡಬ್ಬಿಯ ಕೆಳಗೆ ಇಟ್ಟಳು. ಅಪ್ಪ ಕೇಳಿದರೆ, "ನಿನಗ ಕೆಲಸ ಇಲ್ಲೇನು?" ಎಂದು ಬೈದಳು. ಈಗ ದಿನಾ ಬೆಳಿಗ್ಗೆ ಸ್ನಾನ ಮಾಡಿ, ಕದ ಹಾಕಿಕೊಂಡು ಕುಳಿತುಕೊಳ್ಳುತ್ತಾಳೆ. ಕೇಳಿದರೆ ಜಪ ಎನ್ನುತ್ತಾಳೆ. ಜಪಕ್ಕೆ ಪಾಟಿ ಮತ್ತು ಬಳಪ ಯಾಕೆ ಬೇಕು ಎಂದು ಕೇಳುವ ಧೈರ್ಯ ಯಾರಿಗೂ ಇಲ್ಲ. ಸಂಜೆಯ ಹಾಡು ಮಾತ್ರ ನಿಂತಿದೆ. ಅದಿಲ್ಲದೆ ಮನೆ ಮನೆಯ ಹಾಗಿಲ್ಲ.

ಮೊದಲು ನಿನ್ನ ಮೇಲೆ ಸಿಟ್ಟು ಬಂದಿತ್ತು. ಆಮೇಲೆ ಯೋಚಿಸಿದೆ. ಅರ್ಧ ನುಂಗಿ ನನ್ನನ್ನು ಮದುವೆಯಾಗಿದ್ದರೆ, ನಾಳೆ ನೀನು ಇನ್ನೇನಾದರೂ ನುಂಗಿದಾಗ ನನಗೆ ಗೊತ್ತೇ ಆಗುತ್ತಿರಲಿಲ್ಲ. ಈಗ ಸಿಟ್ಟಿಲ್ಲ. ಹೆದರಿಕೆ ಇದೆ, ಬಹಳ ಇದೆ.

ಮೃಣಾಲ


ಸಮಡೋಳಿ
೩ ನವೆಂಬರ್ ೨೦೨೪

ಈರೇಶನಿಗೆ ಹೀರಾಬಾಯಿಯ ಅರ್ಧ ಆಶೀರ್ವಾದ. ಉಳಿದರ್ಧ ಕಾಗದದ ಕೊನೆಗೆ ಇದೆ, ಹಾರಿಸಿ ಓದಬೇಡ.

ನಿನ್ನ ಕಾಗದ ಓದಿ ನನಗೆ ಸಿಟ್ಟು ಬಂತು. ಬಂದದ್ದು ಬಂತು, ಸುಳ್ಳು ಯಾಕೆ ಹೇಳಲಿ? ಮಿರಜಿನ ಬೆಲ್ಲದ ಅಂಗಡಿಯ ಹುಡುಗ ನಮ್ಮಪ್ಪನಿಗೆ ಲೆಕ್ಕ ಕಲಿಸುತ್ತಾನೆಯೇ ಎಂದು ಎರಡು ದಿನ ಊಟ ರುಚಿಸಲಿಲ್ಲ. ಮೂರನೆಯ ದಿನ ಪಾಟಿ ತೆಗೆದೆ. ಈ ಹಾಡನ್ನು ಹುಟ್ಟಾ ಹೇಳಿಕೊಂಡು ಬಂದವಳು ನಾನು, ಅರ್ಧ ಮಾಡಿ ನೋಡಿದವಳಲ್ಲ. ಅದು ಅಳಿಯಂದಿರ ಕೆಲಸ, ನಮ್ಮದಲ್ಲ ಎಂದುಕೊಂಡಿದ್ದೆ. ದಿನಕ್ಕೊಂದು ಸಾಲು ಮಾಡುತ್ತ ಬಂದೆ. ಹದಿನೆಂಟನೆಯದು ಒಂಬತ್ತರಲ್ಲಿ ಮುಗಿಯಿತು.

ಆಮೇಲೆ ನೀನು ತಿದ್ದಿದ ಸಂಖ್ಯೆ ಹಿಡಿದು ಮತ್ತೆ ಶುರು ಮಾಡಿದೆ. ಈಗ ಅದು ಬೆಣ್ಣೆಯಂತೆ ಜಾರುತ್ತಿದೆ, ಕಾಲುಭಾಗ ಮಾತ್ರ ಬಾಕಿ ಇದೆ. ಅಪ್ಪ ಯಾಕೆ ತಪ್ಪಿದರು ಎಂದೂ ಗೊತ್ತಾಯಿತು. ಹಾಡಿ ನೋಡಿದೆ. ‘ಒಂದು ನಾಲ್ಕು’ ಎಂದರೆ ತಾಳ ಎಡವುತ್ತದೆ, ‘ನಾಲ್ಕು ಒಂದು’ ಎಂದರೆ ಸರಾಗ. ರಾಗಕ್ಕೆ ಸೋತು ಲೆಕ್ಕ ಬಿಟ್ಟಿದ್ದಾರೆ ನಮ್ಮಪ್ಪ.

ಇಷ್ಟೇ ಆಗಿದ್ದರೆ ನಾನು ಇನ್ನೂ ಒಂದಷ್ಟು ದಿನ ಬಿಗಿಯಾಗಿಯೇ ಇರುತ್ತಿದ್ದೆ. ಮೊನ್ನೆ ದೀಪಾವಳಿ ಅಮಾವಾಸ್ಯೆಯಂದು ಬಸದಿಯಲ್ಲಿ ತೀರ್ಥಂಕರರ ನಿರ್ವಾಣದ ಲಾಡು ಅರ್ಪಿಸಿ ಬಂದು ಅಂಗಳದಲ್ಲಿ ಕುಳಿತೆ. ಇಷ್ಟು ತಿಂಗಳ ಮೇಲೆ ಹಾಡು ಹೇಳಬೇಕು ಅನ್ನಿಸಿತು. ಏಳು ಒಂಬತ್ತು ಎರಡು ಎರಡು, ಎಂಟು ಒಂದು ಆರು ಎರಡು, ಐದು... ಅಲ್ಲಿಗೆ ಬಂದು, ಇನ್ನು ತಪ್ಪಬಾರದು ಎಂದು ಎಚ್ಚರದಿಂದ ನಿಂತೆ. ನಿಂತಾಗ ಕಿವಿಗೆ ಏನೋ ಕಡಿಮೆ ಅನ್ನಿಸಿತು. ಆ ಜಾಗದಲ್ಲಿ ಏನೋ ಕೇಳಿಸಬೇಕಿತ್ತು, ಕೇಳಿಸುತ್ತಿಲ್ಲ. ಏನದು, ಏನದು ಎಂದು ಯೋಚಿಸಿದೆ.

ಕೆಮ್ಮು.

ಈರೇಶ, ನಮ್ಮ ಮನೆಯವರಿಗೆ ಕೆಮ್ಮು ಹತ್ತುತ್ತಿದ್ದದ್ದು ಅಲ್ಲಿಯೇ! ಎಲ್ಲೆಲ್ಲೋ ಅಲ್ಲ. ‘ಐದು’ ಎಂದು ನಾನು ‘ನಾಲ್ಕು’ ತೆಗೆಯುವಷ್ಟರಲ್ಲಿ ಖೊಕ್ ಎನ್ನುತ್ತಿದ್ದರು. ಸೊಸೆಯನ್ನು ಕರೆದು ಕೇಳಿದೆ. "ಹೌದರಿ ಅತ್ತಿ, ಐದಕ್ಕ ಬಂದ ಕೂಡ್ಲೆ ಮಾವ್ನೋರು ಕೆಮ್ಮತಿದ್ರು, ನಾ ಅಡಗಿಮನ್ಯಾಗಿಂದs ಕೇಳತಿದ್ದೆ" ಎಂದಳು. ಅರಿಶಿನದ ಧೂಳಿಗೆ ಹಾಡಿನ ಅಂಕೆ ಗೊತ್ತಿರುತ್ತದೆಯೇ?

ನೀನೇ ಬರೆದಿದ್ದೆ, ಅರ್ಧ ನುಂಗಿದವನೂ ಒಂದಕ್ಕೆ ಬರುತ್ತಾನೆ ಎಂದು. ಆದರೆ ನುಂಗಿದವನಿಗೆ ತಪ್ಪಿನ ಜಾಗ ಗೊತ್ತಿರುವುದಿಲ್ಲ. ಇವರಿಗೆ ಜಾಗ ಗೊತ್ತಿತ್ತು. ಮದುವೆಗೆ ಮುಂಚೆಯೇ ತಪ್ಪು ಹಿಡಿದು, ತಾವೇ ತಿದ್ದಿಕೊಂಡು, ಸರಿಯಾಗಿ ಲೆಕ್ಕ ಮಾಡಿ, ಮಾವನ ಎದುರು ತುಟಿ ಹೊಲಿದುಕೊಂಡು ಪೇಢೆ ತಿಂದಿದ್ದಾರೆ. ಆಮೇಲೆ ಸಂಸಾರದುದ್ದಕ್ಕೂ ಪ್ರತಿ ಸಂಜೆ ಹೇಳಬೇಕು ಅನ್ನಿಸಿ, ಹೇಳಲಾರದೆ ಕೆಮ್ಮಿದ್ದಾರೆ. ನಾನು ಮೂಢಿ ಓಡಿಹೋಗಿ ಜೇಷ್ಠಮಧು ಕುದಿಸಿ ತಂದು ಕುಡಿಸಿದ್ದೇನೆ. ಮುಖ ಕಿವುಚಿಕೊಂಡು ಅದನ್ನು ಕುಡಿದಿದ್ದಾರೆ, ಆಗಲೂ ಬಾಯಿ ಬಿಟ್ಟಿಲ್ಲ!

ನಾನು ನಕ್ಕೆ. ಎಷ್ಟು ನಕ್ಕೆನೆಂದರೆ ವೃಷಭ ಹೆದರಿ ನೀರು ತಂದ. ನಗುನಗುತ್ತ ಅತ್ತೆ. ಅವರು ಹೋದ ಮೇಲೆ ಅವರ ವಿಷಯದಲ್ಲಿ ಹೊಸದೊಂದು ಗೊತ್ತಾಗುತ್ತದೆ ಎಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಅವರ ಮೇಲೆ ಈಗ ಮದುವಣಗಿತ್ತಿಗೆ ಬರುವಂಥ ಪ್ರೀತಿ ಬಂದಿದೆ. ಎದುರಿಗೆ ಸಿಕ್ಕರೆ ಚೆನ್ನಾಗಿ ಬೈಯುತ್ತಿದ್ದೆ ಕೂಡ.

ಕೆಮ್ಮುವ ಗಂಡ ನನಗೆ ಸಿಕ್ಕ, ಅದು ನನ್ನ ಪುಣ್ಯ. ಹೇಳುವ ಗಂಡ ನನ್ನ ಮೊಮ್ಮಗಳಿಗೆ ಸಿಗಲಿ. ಬಳಗದವರಿಗೆ ನಾನು ಉತ್ತರ ಹೇಳಿಕೊಳ್ಳುತ್ತೇನೆ. ಮತ್ತೆ ಕಿವಿ ಊದಲು ಬಂದರೆ ಅವರ ಕೈಗೂ ಪಾಟಿ ಕೊಟ್ಟು ಕೂರಿಸುತ್ತೇನೆ. ಮುಂದಿನ ತಿಂಗಳು ನಿಶ್ಚಿತಾರ್ಥದ ಸಾಖರಪುಡಾ ಮಾಡಿ ಸಕ್ಕರೆ ಹಂಚೋಣ ಎಂದಿದ್ದೇನೆ. ನಿಮ್ಮ ತಂದೆಯವರನ್ನು ಕೇಳಿ ದಿನ ತಿಳಿಸು.

ಇದೋ ಉಳಿದರ್ಧ. ಚಿರಂಜೀವಿ ಈರೇಶನಿಗೆ ನೂರು ಆಶೀರ್ವಾದಗಳು.

ಹೀರಾಬಾಯಿ


ಮಿರಜ
೧೦ ನವೆಂಬರ್ ೨೦೨೪

ಪೂಜ್ಯ ಆಜಿಯವರ ಪಾದಗಳಿಗೆ,

ಎರಡೂ ಅರ್ಧಗಳು ಮುಟ್ಟಿದವು. ಕೂಡಿ ನೋಡಿದೆ, ಸರಿಯಾಗಿ ಒಂದಾಯಿತು.

ನನ್ನ ತೊಂಬತ್ತಾರನೆಯ ಸಾಲೂ ಅದೇ ಅಮಾವಾಸ್ಯೆಯಂದು ಬೆಳಿಗ್ಗೆ ಮುಗಿಯಿತು. ಆವತ್ತು ನಿಮ್ಮಿಂದ ಉತ್ತರ ಬಂದಿರಲಿಲ್ಲ. ಒಂದು ಬರೆದು ಅಂಗಡಿಗೆ ಹೋದೆ. ಈಗ ನಮ್ಮ ಮನೆಯಲ್ಲಿ ಒಂದೇ ಗದ್ದಲ. ನಿಮ್ಮ ಕಾಗದವನ್ನು ಅಪ್ಪ ಅಂಗಡಿಯಲ್ಲಿ ಗಿರಾಕಿಗಳಿಗೆಲ್ಲ ಓದಿ ಹೇಳಿದ್ದಾರೆ, ನಾಗವ್ವ ಅಜ್ಜಿ ಎರಡು ಸಲ ಓದಿಸಿಕೊಂಡು ಕೇಳಿದ್ದಾಳೆ. ಡಿಸೆಂಬರ್ ಎಂಟು, ಭಾನುವಾರ ಆದೀತೇ ಎಂದು ಅಪ್ಪ ಕೇಳುತ್ತಿದ್ದಾರೆ.

ಅವತ್ತು ಎಲ್ಲರ ಎದುರು ನೀವು ಆ ಹಾಡು ಹೇಳಬೇಕು ಎಂದು ನಮ್ಮೆಲ್ಲರ ಆಸೆ. ಆದರೆ ಆಜಿ, ಇಷ್ಟು ವರ್ಷದ ರೂಢಿ. ಐದಕ್ಕೆ ಬಂದಾಗ ನಾಲಿಗೆ ಹಳೆಯ ದಾರಿ ಹಿಡಿದರೆ ನಾನು ಏನು ಮಾಡಲಿ? ಹೇಳಲೋ, ಸುಮ್ಮನಿರಲೋ?

ನಿಮ್ಮ ಮೊಮ್ಮಗನಾಗಲಿರುವ
ಈರೇಶ


ಸಮಡೋಳಿ
೧೬ ನವೆಂಬರ್ ೨೦೨೪

ಚಿರಂಜೀವಿ ಈರೇಶನಿಗೆ ಆಶೀರ್ವಾದಗಳು.

ಎಂಟನೆಯ ತಾರೀಕು ಆಗುತ್ತದೆ. ಬರುವಾಗ ಬೆಲ್ಲ ತರಬೇಡ, ಮೊದಲಿನದೇ ಇದೆ. ಅವಲಕ್ಕಿ ಮೂರು ಸಲ ಹಾಕುತ್ತೇನೆ. ದಿಲೀಪನಿಗೂ ಅಂದು ಉಪ್ಪಿನಕಾಯಿ ಬಡಿಸು ಎಂದು ಸೊಸೆಗೆ ಹೇಳಿದ್ದೇನೆ. ಫೋನಿನ ನಿಷೇಧ ತೆಗೆದಿದ್ದೇನೆ, ಮೃಣಾಲ ನಿನ್ನೆಯಿಂದ ಅದನ್ನು ಕಿವಿಯಿಂದ ಕೆಳಗೆ ಇಳಿಸಿಲ್ಲ.

ಹಾಡು ಹೇಳುತ್ತೇನೆ. ದಿನಾ ರೂಢಿ ಮಾಡುತ್ತಿದ್ದೇನೆ, ಆದರೂ ನಾಲಿಗೆ ತಪ್ಪಿಯೇ ತಪ್ಪುತ್ತದೆ. ನೀನು ಮುಂದಿನ ಸಾಲಿನಲ್ಲಿ ಕುಳಿತುಕೋ, ನಮ್ಮ ಮನೆಯವರು ಕೂರುತ್ತಿದ್ದ ಕುರ್ಚಿ ಹಾಕಿಸುತ್ತೇನೆ. ಐದಕ್ಕೆ ಬಂದಾಗ ನಾನು ನಿನ್ನ ಕಡೆ ನೋಡುತ್ತೇನೆ.

ನಾಲ್ಕು ಮಂದಿಯ ಎದುರು ತಪ್ಪಿದರೆ ಕೆಮ್ಮು. ಮನೆಯೊಳಗೆ ಬಂದ ಮೇಲೆ ಬಾಯಿ ಬಿಟ್ಟು ಹೇಳು.

ನಿನ್ನ ಆಜಿ
ಹೀರಾಬಾಯಿ